‘ಆವರ್ತ’ ಎಂದರೆ ಸುಳಿಯೊ, ಸುತ್ತೊ?

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಪಠ್ಯದಲ್ಲಿ ‘ಧಾತುಗಳ ಆವರ್ತನೀಯ ವರ್ಗೀಕರಣ’ ಎಂಬ ಪಾಠವಿದೆ. ಬೇರೆ ಪುಸ್ತಕಗಳಲ್ಲಿ ‘ಆವರ್ತಕ ಕೋಷ್ಟಕ’ ಎಂಬ ಮಾತು ಕಾಣುತ್ತದೆ. ಪತ್ರಿಕೆಗಳನ್ನು ತೆರೆದರೆ ‘ಚಕ್ರೀಯ ಕುಸಿತ’, ‘ನಿಯತಕಾಲಿಕ ತಪಾಸಣೆ’, ‘ಪುನರಾವರ್ತಿತ ಜ್ವರ’ ಮುಂತಾದ ಪ್ರಯೋಗಗಳು ಸಿಗುತ್ತವೆ. ಇವೆಲ್ಲ ಒಂದೇ ಅರ್ಥದ ಮಾತುಗಳೆ? ನಿಘಂಟಿನಲ್ಲಿ ‘ಆವರ್ತ’ಕ್ಕೆ ‘ನೀರಿನ ಸುಳಿ’ ಎಂಬ ಅರ್ಥವಿದೆ. ಸುಳಿಗೂ ಧಾತುಗಳ ಕೋಷ್ಟಕಕ್ಕೂ ಏನು ಸಂಬಂಧವೆಂದು ವಿದ್ಯಾರ್ಥಿಯೊಬ್ಬ ಕೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ.

ಉತ್ತರ: ಆ ವಿದ್ಯಾರ್ಥಿಯ ಪ್ರಶ್ನೆಯಿಂದಲೇ ಆರಂಭಿಸೋಣ. ಸುಳಿ ಎಂಬ ಅರ್ಥವನ್ನು ಹಳೆಯದೆಂದು ಬದಿಗಿಟ್ಟವರಿಗೆ ಈ ಪದದ ಹೊಸ ಅರ್ಥಗಳೂ ಸರಿಯಾಗಿ ತಿಳಿಯುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

‘ಆವರ್ತ’ವು ಸಂಸ್ಕೃತದ ‘ವೃತ್’ ಎಂಬ ಕ್ರಿಯಾಮೂಲದಿಂದ ಬಂದದ್ದು. ತಿರುಗು, ಉರುಳು, ಇರು, ನಡೆದುಕೊಳ್ಳು ಎಂಬ ಅರ್ಥಗಳು ಅದಕ್ಕಿವೆ. ವೃತ್ತ, ವರ್ತುಲ, ವರ್ತನೆ, ವೃತ್ತಿ, ನಿವೃತ್ತಿ, ಪರಿವರ್ತನೆ, ವರ್ತಮಾನ ಎಂದು ನಾವು ದಿನವೂ ಬಳಸುವ ಎಷ್ಟೋ ಪದಗಳು ಇದೇ ಮೂಲದವು. ಅದಕ್ಕೆ ‘ಆ’ ಎಂಬ ಉಪಸರ್ಗ ಸೇರಿದಾಗ ಸುತ್ತಿ ಬರುವುದು, ಹೊರಟ ಕಡೆಗೇ ತಿರುಗಿ ಬರುವುದು ಎಂಬ ಅರ್ಥ ಮುಂದಾಗುತ್ತದೆ. ಅಮರಕೋಶವು ಆವರ್ತವನ್ನು ನೀರಿನ ಭ್ರಮಣವೆಂದು ವಿವರಿಸುತ್ತದೆ. ಬಲಕ್ಕೆ ಸುತ್ತಿಕೊಂಡ ಶಂಖವನ್ನು ‘ದಕ್ಷಿಣಾವರ್ತ’ ಎಂದೂ ಎಡಕ್ಕೆ ಸುತ್ತಿಕೊಂಡದ್ದನ್ನು ‘ವಾಮಾವರ್ತ’ ಎಂದೂ ಕರೆಯುವಾಗಲೂ ಇರುವುದು ಇದೇ ಸುತ್ತಿನ ಅರ್ಥ. ಈ ಪ್ರಯೋಗಗಳಲ್ಲಿ ಕಾಲದ ಮಾತೇ ಇಲ್ಲ. ಸುತ್ತು ಕಣ್ಣಿಗೆ ಕಾಣುವಂತೆ ಜಾಗದಲ್ಲಿ ನಡೆಯುತ್ತದೆ.

ಜಾಗದಲ್ಲಿ ನಡೆಯುವ ಈ ಸುತ್ತನ್ನು ಕಾಲಕ್ಕೆ ಅನ್ವಯಿಸಿದಾಗ ಎರಡನೆಯ ಅರ್ಥ ಹುಟ್ಟುತ್ತದೆ. ಇಲ್ಲಿ ಸುಳಿಯ ಒಂದು ಗುಣವನ್ನು ಗಮನಿಸಬೇಕು. ಸುಳಿಯೊಳಗೆ ಬಂದ ನೀರು ಅಲ್ಲೇ ನಿಲ್ಲುವುದಿಲ್ಲ. ಒಳಬಂದು ಸುತ್ತಿ ಹೊರಟುಹೋಗುತ್ತದೆ, ಅದರ ಜಾಗಕ್ಕೆ ಬೇರೆ ನೀರು ಬರುತ್ತದೆ. ಆದರೂ ಸುಳಿಯ ಆಕಾರ ಹಾಗೆಯೇ ಉಳಿದಿರುತ್ತದೆ. ಆವರ್ತದಲ್ಲಿ ಮರಳಿ ಬರುವುದು ವಸ್ತುವಲ್ಲ, ವಿನ್ಯಾಸ. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ನಿಮ್ಮ ಪಾಠದ ಕೋಷ್ಟಕವನ್ನು ವಿದ್ಯಾರ್ಥಿಗೆ ವಿವರಿಸುವುದು ಸುಲಭವಾಗುತ್ತದೆ.

ಧಾತುಗಳನ್ನು ಪರಮಾಣು ಸಂಖ್ಯೆಯ ಕ್ರಮದಲ್ಲಿ ಎಣಿಸುತ್ತ ಹೋಗೋಣ. ಮೂರನೆಯದು ಲಿಥಿಯಂ. ಅದು ಮೃದುವಾದ ಲೋಹ, ನೀರಿನೊಡನೆ ವರ್ತಿಸಿ ಹೈಡ್ರೋಜನ್ನನ್ನು ಬಿಡುಗಡೆ ಮಾಡುತ್ತದೆ. ಅಲ್ಲಿಂದ ಮುಂದೆ ಬರುವ ಧಾತುಗಳ ಸ್ವಭಾವ ಬೇರೆಯಾಗುತ್ತ ಹೋಗಿ, ಹನ್ನೊಂದನೆಯದಾದ ಸೋಡಿಯಂನಲ್ಲಿ ಲಿಥಿಯಂನ ಸ್ವಭಾವ ಮತ್ತೆ ಕಾಣಿಸಿಕೊಳ್ಳುತ್ತದೆ. ಹತ್ತೊಂಬತ್ತನೆಯದಾದ ಪೊಟ್ಯಾಸಿಯಂನಲ್ಲಿ ಇನ್ನೊಮ್ಮೆ ಕಾಣಿಸುತ್ತದೆ. ಲಿಥಿಯಂ ಎಂಬ ಧಾತು ಮರಳಿ ಬಂದಿಲ್ಲ, ಅದರ ಗುಣಗಳ ವಿನ್ಯಾಸ ಮರಳಿ ಬಂದಿದೆ. ರಷ್ಯಾದ ಡ್ಮಿಟ್ರಿ ಮೆಂಡಲೀವ್ 1869ರಲ್ಲಿ ಧಾತುಗಳನ್ನು ಪರಮಾಣು ತೂಕದ ಕ್ರಮದಲ್ಲಿ ಜೋಡಿಸಿ ಈ ಮರಳುವಿಕೆಯನ್ನು ನಿಯಮವೆಂದು ಸಾರಿದರು. ವಿನ್ಯಾಸದ ಮೇಲೆ ಅವರಿಗೆ ಎಷ್ಟು ನಂಬಿಕೆಯಿತ್ತೆಂದರೆ, ಕೋಷ್ಟಕದಲ್ಲಿ ಕೆಲವು ಮನೆಗಳನ್ನು ಖಾಲಿ ಬಿಟ್ಟು, ಅಲ್ಲಿ ಸೇರಬೇಕಾದ ಧಾತುಗಳ ಗುಣಗಳನ್ನು ಮುಂಚಿತವಾಗಿಯೇ ಹೇಳಿದರು. 1875ರಲ್ಲಿ ಗ್ಯಾಲಿಯಂ, 1879ರಲ್ಲಿ ಸ್ಕ್ಯಾಂಡಿಯಂ, 1886ರಲ್ಲಿ ಜರ್ಮೇನಿಯಂ ಪತ್ತೆಯಾಗಿ ಆ ಮನೆಗಳು ತುಂಬಿದವು. ಇಲ್ಲದಿರುವುದನ್ನು ಇರಲೇಬೇಕೆಂದು ಹೇಳಬಲ್ಲ ಶಕ್ತಿ ಆವರ್ತದ ಕಲ್ಪನೆಗೆ ಇದೆಯೆಂಬುದಕ್ಕೆ ಇದಕ್ಕಿಂತ ಸೊಗಸಾದ ನಿದರ್ಶನವನ್ನು ನಾನು ಕಾಣೆ. ಕೋಷ್ಟಕದ ಪ್ರತಿಯೊಂದು ಅಡ್ಡಸಾಲನ್ನು ಪಠ್ಯಪುಸ್ತಕಗಳು ‘ಆವರ್ತ’ ಎಂದೇ ಕರೆಯುತ್ತವೆ. ಅದು ಸರಿಯಾದ ಹೆಸರು, ಏಕೆಂದರೆ ಒಂದು ಸಾಲು ಮುಗಿಯಿತೆಂದರೆ ಒಂದು ಸುತ್ತು ಮುಗಿಯಿತೆಂದು ಅರ್ಥ.

ಗಣಿತದಲ್ಲಿ ಈ ಪದದ ತಿರುಳು ಇನ್ನೂ ನಿಚ್ಚಳವಾಗಿ ಕಾಣುತ್ತದೆ. ಒಂದನ್ನು ಏಳರಿಂದ ಭಾಗಿಸಿದರೆ 0.142857142857... ಎಂದು 142857 ಎಂಬ ಆರು ಅಂಕಿಗಳ ಗುಂಪು ಕೊನೆಯಿಲ್ಲದೆ ಬರುತ್ತಲೇ ಇರುತ್ತದೆ. ಇದನ್ನು ಆವರ್ತ ದಶಮಾಂಶ ಎನ್ನುತ್ತೇವೆ. ಹೀಗೇಕಾಗುತ್ತದೆಂದು ವಿದ್ಯಾರ್ಥಿಗಳು ಕೇಳಿದರೆ ಕಾಗದದ ಮೇಲೆ ಭಾಗಾಕಾರ ಮಾಡಿಸಿ ನೋಡಿ. ಏಳರಿಂದ ಭಾಗಿಸುವಾಗ ಶೇಷ ಸೊನ್ನೆಯಾಗದಿದ್ದರೆ ಅದು 1ರಿಂದ 6ರವರೆಗಿನ ಸಂಖ್ಯೆಗಳಲ್ಲಿ ಒಂದೇ ಆಗಿರಬೇಕು. ಆದ್ದರಿಂದ ಹೆಚ್ಚೆಂದರೆ ಆರು ಹೆಜ್ಜೆಗಳಾದ ಮೇಲೆ ಹಿಂದೆ ಬಂದಿದ್ದ ಶೇಷವೇ ಮತ್ತೆ ಬರಬೇಕಾಗುತ್ತದೆ. ಅದೇ ಶೇಷ ಬಂದ ಕ್ಷಣದಿಂದ ಮುಂದಿನ ಎಲ್ಲ ಹೆಜ್ಜೆಗಳೂ ಹಿಂದಿನಂತೆಯೇ ನಡೆಯದೆ ಬೇರೆ ದಾರಿಯಿಲ್ಲ. ಸ್ಥಿತಿ ಮರಳಿತೆಂದರೆ ಅದರ ಮುಂದಿನ ಸರಣಿಯೂ ಮರಳುತ್ತದೆ. ಸುಮ್ಮನೆ ಮತ್ತೆ ಮತ್ತೆ ಆಗುವುದಕ್ಕೂ ಆವರ್ತಕ್ಕೂ ಇರುವ ಅಂತರ ಇಲ್ಲಿದೆ. ಮೊದಲನೆಯದರಲ್ಲಿ ಎಣಿಕೆ ಮಾತ್ರ ಇರುತ್ತದೆ. ಎರಡನೆಯದರಲ್ಲಿ ಹಾಗೆ ಆಗಲೇಬೇಕಾದ ಕಾರಣವೂ ಒಳಗೇ ಇರುತ್ತದೆ.

ಇನ್ನು ನೀವು ಪಟ್ಟಿ ಮಾಡಿರುವ ಉಳಿದ ಪದಗಳು. ಅವು ಆವರ್ತದ ನೆರೆಹೊರೆಯವು, ಆದರೆ ಒಂದರ ಬದಲು ಇನ್ನೊಂದನ್ನು ಇಡುವಷ್ಟು ಹತ್ತಿರದವಲ್ಲ.

‘ಪುನರಾವರ್ತನೆ’ಯನ್ನು ಯಾರಾದರೂ ಮಾಡಿದ್ದನ್ನೇ ಮತ್ತೆ ಮಾಡುವುದಕ್ಕೆ ಇಟ್ಟುಕೊಳ್ಳುವುದು ಲೇಸು. ಪರೀಕ್ಷೆಗೆ ಮುನ್ನ ವಿದ್ಯಾರ್ಥಿಗಳು ಪಾಠವನ್ನು ಪುನರಾವರ್ತನೆ ಮಾಡುತ್ತಾರೆ, ಭಾಷಣಕಾರರು ಹೇಳಿದ ಮಾತನ್ನೇ ಪುನರಾವರ್ತಿಸುತ್ತಾರೆ, ಪ್ರಯೋಗಾಲಯದಲ್ಲಿ ಪ್ರಯೋಗವನ್ನು ಪುನರಾವರ್ತಿಸಿ ಫಲಿತಾಂಶವನ್ನು ಖಚಿತಪಡಿಸಿಕೊಳ್ಳುತ್ತಾರೆ. ಇಲ್ಲಿ ಕರ್ತೃವಿನ ಇಚ್ಛೆ ಮುಖ್ಯ. ಎಷ್ಟು ದಿನಕ್ಕೆ, ಯಾವ ಕ್ರಮದಲ್ಲಿ ಎಂಬ ಕಟ್ಟಳೆಯಿಲ್ಲ. ‘ಮತ್ತೆ ಪುನರಾವರ್ತನೆಯಾಯಿತು’ ಎಂದು ಬರೆಯುವವರು ‘ಪುನಃ’ ಎಂಬುದು ಪದದೊಳಗೇ ಇದೆಯೆಂಬುದನ್ನು ಗಮನಿಸಬೇಕು.

ಹಾಗಾದರೆ ‘ಪುನರಾವರ್ತಿತ ಜ್ವರ’ ಎನ್ನಬಹುದೆ? ಬೇಡವೆನ್ನುತ್ತೇನೆ. ಜ್ವರದ ವಿಷಯದಲ್ಲಿ ಕನ್ನಡ ಎರಡು ಬೇರೆ ಬೇರೆ ಸಂಗತಿಗಳನ್ನು ಬಿಡಿಸಿ ಹೇಳಬಲ್ಲದು, ಮತ್ತು ಹಾಗೆ ಬಿಡಿಸಿ ಹೇಳುವುದು ರೋಗಿಗೂ ವೈದ್ಯರಿಗೂ ಅಗತ್ಯ. ಮಲೇರಿಯಾವನ್ನು ತೆಗೆದುಕೊಳ್ಳಿ. ವೈವಾಕ್ಸ್ ಎಂಬ ಬಗೆಯ ಪರಾವಲಂಬಿಯಿಂದ ಬರುವ ಮಲೇರಿಯಾದಲ್ಲಿ, ಮೊದಲ ಕೆಲವು ದಿನಗಳ ಏರುಪೇರು ಕಳೆದ ಮೇಲೆ, ಜ್ವರವು ಸುಮಾರು 48 ಗಂಟೆಗಳಿಗೊಮ್ಮೆ ಏರಿ ಇಳಿಯಬಹುದು. ರಕ್ತದ ಕೆಂಪು ಕಣಗಳೊಳಗೆ ಬೆಳೆದ ಪರಾವಲಂಬಿಗಳು ಹೆಚ್ಚುಕಡಿಮೆ ಒಂದೇ ವೇಳೆಗೆ ಆ ಕಣಗಳನ್ನು ಒಡೆದು ಹೊರಬರುವುದೇ ಇದಕ್ಕೆ ಕಾರಣ. ಮಲೇರಿಯೇ ಎಂಬ ಇನ್ನೊಂದು ಬಗೆಯಲ್ಲಿ ಈ ಅಂತರ 72 ಗಂಟೆ. ಆಯುರ್ವೇದದ ವಿಷಮಜ್ವರದ ಭೇದಗಳಲ್ಲಿ ‘ತೃತೀಯಕ’, ‘ಚತುರ್ಥಕ’ ಎಂಬ ಹೆಸರುಗಳಿರುವುದು ಇಂತಹ ಜ್ವರಗಳಿಗೆ; ಜ್ವರ ಬಂದ ದಿನವನ್ನೂ ಸೇರಿಸಿ ಎಣಿಸುವುದರಿಂದ 48 ಗಂಟೆಗಳಿಗೊಮ್ಮೆ ಬರುವುದು ಮೂರನೆಯ ದಿನದ ಜ್ವರವಾಯಿತು. ಇದು ಆವರ್ತ, ಸಂದೇಹವಿಲ್ಲ. ಆದರೆ ವೈವಾಕ್ಸ್ ಪರಾವಲಂಬಿಯ ಕೆಲವು ಜೀವಕೋಶಗಳು ಯಕೃತ್ತಿನಲ್ಲಿ ನಿದ್ರಾವಸ್ಥೆಯಲ್ಲಿ ಉಳಿದು, ರೋಗ ವಾಸಿಯಾಯಿತೆಂದು ಎಲ್ಲರೂ ತಿಳಿದ ವಾರಗಳ ಅಥವಾ ತಿಂಗಳುಗಳ ನಂತರ ಎಚ್ಚೆತ್ತು ಮತ್ತೆ ರೋಗವನ್ನು ತರಬಹುದು. ಅದಕ್ಕೆ ಗೊತ್ತಾದ ದಿನವಿಲ್ಲ. ಅದನ್ನು ಹೇಳಲು ನಮ್ಮಲ್ಲಿ ‘ಮರುಕಳಿಸು’ ಎಂಬ ಅಚ್ಚುಕಟ್ಟಾದ ಮಾತು ಇದೆ. ಒಂದೇ ರೋಗದಲ್ಲಿ ಆವರ್ತವೂ ಇದೆ, ಮರುಕಳಿಕೆಯೂ ಇದೆ. ಎರಡಕ್ಕೂ ‘ಪುನರಾವರ್ತಿತ’ ಎಂಬ ಒಂದೇ ವಿಶೇಷಣವನ್ನು ಹಚ್ಚಿದರೆ ಓದುಗರಿಗೆ ಯಾವುದು ತಿಳಿಯಬೇಕಿತ್ತೋ ಅದೇ ತಿಳಿಯದೆ ಹೋಗುತ್ತದೆ.

‘ಚಕ್ರ’ ಮತ್ತು ‘ಚಕ್ರೀಯ’ ಪದಗಳ ಒತ್ತು ಅವಧಿಯ ಮೇಲಲ್ಲ, ಹಂತಗಳ ಅನುಕ್ರಮದ ಮೇಲೆ. ಜಲಚಕ್ರದಲ್ಲಿ ನೀರು ಆವಿಯಾಗುತ್ತದೆ, ಮೋಡವಾಗುತ್ತದೆ, ಮಳೆಯಾಗುತ್ತದೆ, ಹರಿದು ಮತ್ತೆ ಸಮುದ್ರ ಸೇರುತ್ತದೆ. ಇಷ್ಟೇ ದಿನಗಳಲ್ಲಿ ಈ ಸುತ್ತು ಮುಗಿಯಬೇಕೆಂಬ ನಿಯಮವಿಲ್ಲ. ಅರ್ಥಶಾಸ್ತ್ರದ ವ್ಯಾಪಾರ ಚಕ್ರವೂ ಹಾಗೆಯೇ. ಚಟುವಟಿಕೆ ವಿಸ್ತರಿಸಿ ಶಿಖರವನ್ನು ಮುಟ್ಟುವುದು, ಅಲ್ಲಿಂದ ಸಂಕುಚಿಸಿ ತಳವನ್ನು ಮುಟ್ಟುವುದು ಎಂಬ ಅನುಕ್ರಮ ತಪ್ಪುವುದಿಲ್ಲ, ಅವಧಿ ಮಾತ್ರ ಪ್ರತಿಸಲವೂ ಬೇರೆ. ಆದ್ದರಿಂದ ನಿಮ್ಮ ಪಟ್ಟಿಯಲ್ಲಿರುವ ‘ಚಕ್ರೀಯ ಕುಸಿತ’ ಒಪ್ಪುವ ಪ್ರಯೋಗ, ‘ಆವರ್ತಕ ಕುಸಿತ’ ಎಂದಿದ್ದರೆ ಒಪ್ಪುತ್ತಿರಲಿಲ್ಲ. ವರ್ಷದೊಳಗೆ ಇಂಥ ತಿಂಗಳಲ್ಲೇ ಬರುವ ಏರಿಳಿತ ಇವೆರಡಕ್ಕಿಂತಲೂ ಬೇರೆ. ಅದಕ್ಕೆ ‘ಋತುಮಾನದ ಏರಿಳಿತ’ ಎನ್ನಬೇಕು.

‘ನಿಯತಕಾಲಿಕ’ವು ಪತ್ರಿಕೆಗಳ ಹೆಸರಾಗಿ ನೆಲೆಗೊಂಡಿದೆ. ತಪಾಸಣೆಗೆ ಅದನ್ನು ಹಚ್ಚುವ ಬದಲು ‘ಕಾಲಕಾಲಕ್ಕೆ ಮಾಡುವ ತಪಾಸಣೆ’ ಎಂದರೆ ಎಲ್ಲರಿಗೂ ತಿಳಿಯುತ್ತದೆ.

ಕೊನೆಯದಾಗಿ ‘ಆವರ್ತನೀಯ’. ಸಂಸ್ಕೃತದ ‘ಅನೀಯ’ ಪ್ರತ್ಯಯವು ‘ಹಾಗೆ ಮಾಡಲು ತಕ್ಕದ್ದು’ ಎಂಬ ಅರ್ಥವನ್ನು ಕೊಡುತ್ತದೆ. ಪೂಜಿಸಲು ತಕ್ಕದ್ದು ಪೂಜನೀಯ, ನೆನೆಯಲು ತಕ್ಕದ್ದು ಸ್ಮರಣೀಯ. ಆ ಲೆಕ್ಕದಲ್ಲಿ ‘ಆವರ್ತನೀಯ’ ಎಂದರೆ ಮರಳಿಸಲು ತಕ್ಕದ್ದು ಎಂದಾಗಿಬಿಡುತ್ತದೆ. ತಾನಾಗಿ ಮರಳುವುದಕ್ಕೆ ‘ಆವರ್ತಕ’ವೇ ಹೊಂದುವ ರೂಪ. ಹಾಗೆಂದು ಪಠ್ಯದಲ್ಲಿ ನೆಲೆಯೂರಿದ ಶಬ್ದವನ್ನು ತಿದ್ದಿ ಮಕ್ಕಳನ್ನು ಗೊಂದಲಕ್ಕೆ ನೂಕುವುದು ಬೇಡ. ಪರೀಕ್ಷೆಯಲ್ಲಿ ಅವರು ಪಠ್ಯದ ರೂಪವನ್ನೇ ಬರೆಯಲಿ. ಹೊಸ ಬರಹಗಳನ್ನು ಸಿದ್ಧಪಡಿಸುವವರು ‘ಆವರ್ತಕ’ವನ್ನು ಆರಿಸಿಕೊಳ್ಳಲಿ.

ಪ್ರಶ್ನೆ: ಆವರ್ತ ಎನ್ನಬೇಕಾದರೆ ಅಂತರ ಪ್ರತಿಸಲವೂ ಸರಿಸಮವಾಗಿರಬೇಕೆ? ಹ್ಯಾಲಿ ಧೂಮಕೇತುವಿನ ಅವಧಿಯನ್ನು ಕೆಲವರು 75 ವರ್ಷವೆಂದೂ ಕೆಲವರು 76 ಎಂದೂ ಬರೆಯುತ್ತಾರೆ. ಇವರಲ್ಲಿ ಯಾರು ಸರಿ?

ಉತ್ತರ: ಇಬ್ಬರೂ ಸರಿ. 1531, 1607, 1682ರಲ್ಲಿ ಕಂಡ ಧೂಮಕೇತುಗಳು ಒಂದೇ ಎಂದು ಎಡ್ಮಂಡ್ ಹ್ಯಾಲಿ ಗುರುತಿಸಿದಾಗ, ಅವರ ಮುಂದೆ ಇದ್ದ ಎರಡು ಅಂತರಗಳು 76 ಮತ್ತು 75 ವರ್ಷಗಳೇ ಆಗಿದ್ದವು. ಗುರು ಮತ್ತು ಶನಿಯಂತಹ ಭಾರಿ ಗ್ರಹಗಳ ಸೆಳೆತದಿಂದ ಧೂಮಕೇತುವಿನ ದಾರಿ ಪ್ರತಿ ಸುತ್ತಿನಲ್ಲೂ ಸ್ವಲ್ಪ ವ್ಯತ್ಯಾಸವಾಗುವುದರಿಂದ ಈ ಹೆಚ್ಚುಕಡಿಮೆ. ಅದು 1758ರ ಕೊನೆಗೆ ಮರಳಿ ಕಾಣಿಸಿಕೊಂಡಾಗ ಹ್ಯಾಲಿ ಬದುಕಿರಲಿಲ್ಲ, ಆದರೆ ಅವರ ಲೆಕ್ಕ ನಿಂತಿತು. ಈಚೆಗೆ 1910 ಮತ್ತು 1986ರಲ್ಲಿ ಅದು ಬಂದುಹೋಗಿದೆ, ಇನ್ನು ಬರುವುದು 2061ರಲ್ಲಿ.

ಅಂತರದ ಸಮತೆ ಆವರ್ತಕ್ಕೆ ಕಡ್ಡಾಯವಲ್ಲ. ಅಂತರಕ್ಕೆ ಒಂದು ನಿಯಮವಿರಬೇಕಾದ್ದು ಕಡ್ಡಾಯ. ಮೇಲಿನ ಉತ್ತರದಲ್ಲಿ ಹೇಳಿದ ಧಾತುಗಳನ್ನೇ ಮುಂದುವರಿಸಿ ನೋಡಿ. ಲಿಥಿಯಂ 3, ಸೋಡಿಯಂ 11, ಪೊಟ್ಯಾಸಿಯಂ 19, ರುಬಿಡಿಯಂ 37, ಸೀಸಿಯಂ 55. ಅಂತರಗಳು 8, 8, 18, 18 ಎಂದು ಬದಲಾಗಿವೆ, ಆದರೆ ಆ ಬದಲಾವಣೆಗೆ ಪರಮಾಣುವಿನ ಹೊರಗವಚಗಳಲ್ಲಿ ಇಲೆಕ್ಟ್ರಾನುಗಳು ತುಂಬುವ ಕ್ರಮವೇ ಆಧಾರ. ಸೂರ್ಯನ ಕಲೆಗಳ ವಿಷಯದಲ್ಲಿ ಸಡಿಲಿಕೆ ಇನ್ನೂ ಹೆಚ್ಚು. ಕಲೆಗಳ ಸಂಖ್ಯೆ ಏರಿ ಇಳಿಯುವುದನ್ನು ಜರ್ಮನಿಯ ಹೈನ್ರಿಖ್ ಶ್ವಾಬೆ ವರ್ಷಗಟ್ಟಲೆ ಗಮನಿಸಿ 1843ರಲ್ಲಿ ಪ್ರಕಟಿಸಿದರು. ಸರಾಸರಿ ಅವಧಿ ಸುಮಾರು 11 ವರ್ಷ, ಆದರೆ ಒಂದೊಂದು ಸುತ್ತು 9 ವರ್ಷಕ್ಕೆ ಮುಗಿದದ್ದೂ 14 ವರ್ಷದ ಹತ್ತಿರಕ್ಕೆ ಎಳೆದದ್ದೂ ಉಂಟು. ಇಂತಹ ಕಡೆ ‘ಸೌರಚಕ್ರ’ ಎಂಬ ಹೆಸರು ಹೆಚ್ಚು ಒಪ್ಪುತ್ತದೆ. ಅವಧಿಯನ್ನು ಹೇಳುವಾಗ ‘ಸುಮಾರು’, ‘ಸರಾಸರಿ’ ಎಂಬ ಮಾತುಗಳನ್ನು ಬಿಡಬಾರದು. ಅವನ್ನು ಬಿಟ್ಟು ಬರೆದ ವಾಕ್ಯ ಚೊಕ್ಕಟವಾಗಿ ಕಂಡರೂ ಸುಳ್ಳಾಗುತ್ತದೆ.

ಇದಕ್ಕೆ ಹೊಂದಿದ ಇನ್ನೊಂದು ಮಾತು. ಅವಧಿಯನ್ನು ಹೇಳಲು ಕನ್ನಡದಲ್ಲಿ ‘-ಕ್ಕೊಮ್ಮೆ’ ಎಂಬ ಸೊಗಸಾದ ರಚನೆ ಇದೆ: ದಿನಕ್ಕೊಮ್ಮೆ, ವರ್ಷಕ್ಕೊಮ್ಮೆ, ಹದಿನೇಳು ವರ್ಷಕ್ಕೊಮ್ಮೆ. ‘ಈ ಕೀಟಗಳ ಹೊರಹೊಮ್ಮುವಿಕೆಯು ಹದಿನೇಳು ವರ್ಷಗಳ ಆವರ್ತಕತೆಯನ್ನು ಹೊಂದಿದೆ’ ಎಂದು ಉತ್ತರ ಅಮೆರಿಕದ ಜೀರುಂಡೆಗಳ ಬಗ್ಗೆ ಬರೆಯುವವರು ‘ಈ ಕೀಟಗಳು ಹದಿನೇಳು ವರ್ಷಕ್ಕೊಮ್ಮೆ ನೆಲದಿಂದ ಹೊರಬರುತ್ತವೆ’ ಎಂದರೆ ಸಾಕು. ನಾಮಪದ ಬೇಕಾಗುವುದು ಆವರ್ತವೇ ಚರ್ಚೆಯ ವಿಷಯವಾದಾಗ ಮಾತ್ರ.

ಪ್ರಶ್ನೆ: ಪುಸ್ತಕದ ‘ಎರಡನೆಯ ಆವೃತ್ತಿ’, ಶಬ್ದತರಂಗದ ‘ಆವೃತ್ತಿ’, ಸಂಖ್ಯಾಶಾಸ್ತ್ರದ ‘ಆವೃತ್ತಿ ವಿತರಣೆ’ – ಈ ಮೂರೂ ಒಂದೇ ಪದವೆ? ತಾಳದ ‘ಆವರ್ತ’ಕ್ಕೂ ಇವಕ್ಕೂ ನಂಟಿದೆಯೆ?

ಉತ್ತರ: ಮೂರೂ ಒಂದೇ ಪದ, ಮೂಲವೂ ‘ವೃತ್’ ಎಂಬುದೇ. ‘ಆವರ್ತ’ವು ಸುತ್ತನ್ನು ಹೇಳಿದರೆ ‘ಆವೃತ್ತಿ’ಯು ಸುತ್ತಿ ಬಂದ ಸಲವನ್ನು ಹೇಳುತ್ತದೆ. ಪುಸ್ತಕ ಎರಡನೆಯ ಸಲ ಓದುಗರ ಬಳಿಗೆ ಬಂದರೆ ಎರಡನೆಯ ಆವೃತ್ತಿ. ಪಟ್ಟಿಯಲ್ಲಿ ಒಂದು ಬೆಲೆ ಎಷ್ಟು ಸಲ ಬಂದಿದೆಯೋ ಅದು ಆ ಬೆಲೆಯ ಆವೃತ್ತಿ. ಒಂದು ಸೆಕೆಂಡಿನಲ್ಲಿ ಕಂಪನ ಎಷ್ಟು ಸಲ ಪೂರ್ಣಗೊಳ್ಳುತ್ತದೆಯೋ ಅದು ತರಂಗದ ಆವೃತ್ತಿ. ಅದನ್ನು ಕಂಪನಾಂಕವೆಂದೂ ಹೇಳುವುದುಂಟು, ಅಳತೆಯ ಮಾನ ಹರ್ಟ್ಸ್. ಒಂದು ಕಂಪನಕ್ಕೆ ಬೇಕಾದ ಕಾಲ ಅದರ ವಿಲೋಮ. ಆವೃತ್ತಿ 50 ಹರ್ಟ್ಸ್ ಆಗಿದ್ದರೆ ಒಂದು ಆವರ್ತಕ್ಕೆ ಹಿಡಿಯುವ ಕಾಲ ಸೆಕೆಂಡಿನ ಐವತ್ತರಲ್ಲಿ ಒಂದು ಪಾಲು, ಅಂದರೆ 0.02 ಸೆಕೆಂಡು. ಭೌತಶಾಸ್ತ್ರದ ಲೇಖನಗಳಲ್ಲಿ ಈ ಎರಡನ್ನೂ ಕಲಸಿ ‘ಆವರ್ತ 50 ಹರ್ಟ್ಸ್’ ಎಂದು ಬರೆಯುವುದು ತಪ್ಪು. ತಿದ್ದದೆ ಉಳಿಸಿದರೆ ಮುಂದಿನ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ.

ಸಂಗೀತದಲ್ಲಿ ಈ ಪದ ಪುಸ್ತಕದಲ್ಲಿ ಮಾತ್ರವಲ್ಲದೆ ನಾಲಗೆಯ ಮೇಲೂ ಜೀವಂತವಾಗಿ ಉಳಿದಿದೆಯೆಂಬುದು ನನಗೆ ಸಂತೋಷದ ಸಂಗತಿ. ಆದಿತಾಳದಲ್ಲಿ ನಾಲ್ಕು ಎಣಿಕೆಯ ಒಂದು ಲಘು ಮತ್ತು ಎರಡೆರಡು ಎಣಿಕೆಯ ಎರಡು ದ್ರುತಗಳು ಸೇರಿ ಎಂಟು ಎಣಿಕೆಗಳಾದರೆ ಒಂದು ಆವರ್ತ ಮುಗಿಯಿತು. ಹಾಡುವವರು ಪ್ರತಿ ಆವರ್ತದಲ್ಲೂ ಬೇರೆ ಸ್ವರಗಳನ್ನು ಪೋಣಿಸಬಹುದು, ಆದರೆ ತಾಳದ ಚೌಕಟ್ಟು ಕದಲುವುದಿಲ್ಲ. ಮರಳುವುದು ವಿನ್ಯಾಸವೇ ಹೊರತು ವಸ್ತುವಲ್ಲವೆಂದು ಮೊದಲ ಉತ್ತರದಲ್ಲಿ ಹೇಳಿದ್ದನ್ನು ಇಲ್ಲಿ ಕಿವಿಯಿಂದಲೇ ತಿಳಿಯಬಹುದು.

ಹಣಕಾಸಿನ ಬರಹಗಳಲ್ಲಿ ಸಿಗುವ ‘ಆವರ್ತ ಠೇವಣಿ’, ‘ಆವರ್ತಕ ವೆಚ್ಚ’, ‘ಅನಾವರ್ತಕ ವೆಚ್ಚ’ ಎಂಬವೂ ಸರಿಯಾದ ಪ್ರಯೋಗಗಳೇ. ಸಂಬಳ, ಬಾಡಿಗೆಗಳಂತೆ ಗೊತ್ತಾದ ಅವಧಿಗೆ ತಪ್ಪದೆ ಬರುವುದು ಆವರ್ತಕ ವೆಚ್ಚ, ಕಟ್ಟಡ ಕಟ್ಟಿಸುವಂತಹ ಒಂದೇ ಸಲದ್ದು ಅನಾವರ್ತಕ.

ಪ್ರಶ್ನೆ: ‘ಜಲಾವೃತ’ ಸರಿಯೋ ‘ಜಲಾವೃತ್ತ’ ಸರಿಯೋ? ಅದಕ್ಕೂ ಆವರ್ತಕ್ಕೂ ಸಂಬಂಧವಿದೆಯೆ?

ಉತ್ತರ: ‘ಜಲಾವೃತ’ವೇ ಸರಿ, ಆವರ್ತಕ್ಕೂ ಅದಕ್ಕೂ ಸಂಬಂಧವಿಲ್ಲ. ಕೇಳಲು ಒಂದೇ ತೆರನಾಗಿದ್ದರೂ ಇವುಗಳ ಕ್ರಿಯಾಮೂಲಗಳು ಬೇರೆ ಬೇರೆ. ಮುಚ್ಚು, ಸುತ್ತುವರಿ ಎಂಬ ಅರ್ಥದ ‘ವೃ’ ಎಂಬುದರಿಂದ ‘ಆವೃತ’, ‘ಆವರಣ’ ಹುಟ್ಟಿದವು; ನೀರಿನಿಂದ ಸುತ್ತುವರಿದದ್ದು ಜಲಾವೃತ, ಹಿಮದಿಂದ ಮುಚ್ಚಿದ್ದು ಹಿಮಾವೃತ. ತಿರುಗು ಎಂಬ ಅರ್ಥದ ‘ವೃತ್’ ಎಂಬುದರಿಂದ ‘ಆವೃತ್ತ’, ‘ಆವರ್ತ’, ‘ಆವೃತ್ತಿ’ ಬಂದವು. ಬರೆಯುವಾಗ ಸಂದೇಹ ಬಂದರೆ ಆ ಜಾಗದಲ್ಲಿ ‘ಮುಚ್ಚಿದ’ ಎಂದು ಹಾಕಿ ನೋಡಿ: ಅರ್ಥ ಹೊಂದಿದರೆ ಒಂದೇ ‘ತ’ಕಾರ, ಹೊಂದದೆ ‘ಮರಳಿದ’ ಎಂಬುದು ಹೊಂದಿದರೆ ಒತ್ತಕ್ಷರ.